ನಾಲ್ಕು ಊರು, ಎರಡು ತಂಡ, ಒಂದು ಕಪ್

ಸ್ಟ್ರೈಮೊಯ್ ಮತ್ತು ಐಸ್ತುರೊಯ್ ಎಂಬ ಎರಡು ದ್ವೀಪಗಳ ನಡುವೆ ಸಮುದ್ರ ಹೊಳೆಯಷ್ಟು ಕಿರಿದಾಗಿ ಹರಿಯುತ್ತದೆ. ಈ ಜಲಸಂಧಿಯ ಹೆಸರು ಸುಂಡಿನಿ. 1973ರಲ್ಲಿ ಇದರ ಮೇಲೆ ಸೇತುವೆಯಾಯಿತು. ಅಲ್ಲಿಯವರಿಗೆ ಅದು 'ಅಟ್ಲಾಂಟಿಕ್ ಸಾಗರದ ಮೇಲಿನ ಸೇತುವೆ'. ಕೆಳಗೆ ಹರಿಯುವುದು ನಿಜಕ್ಕೂ ಅಟ್ಲಾಂಟಿಕ್ ನೀರೇ ಆದ್ದರಿಂದ ಆ ಮಾತಿನಲ್ಲಿ ಉತ್ಪ್ರೇಕ್ಷೆಯೇನಿಲ್ಲ. ಪೂರ್ವ ದಡದ ಉತ್ತರ ತುದಿಯಲ್ಲಿ ಐಯಿ ಎಂಬ ಊರು, ಪಶ್ಚಿಮ ದಡದಲ್ಲಿ ಸ್ಟ್ರೈಮ್ನೆಸ್. ಎರಡೂ ಊರಿನ ಜನರನ್ನು ಕೂಡಿಸಿದರೂ ನಮ್ಮ ಕಡೆಯ ಒಂದು ದೊಡ್ಡ ಹೈಸ್ಕೂಲಿನ ಮಕ್ಕಳಷ್ಟಾಗುವುದು ಕಷ್ಟ. ಆದರೂ 2007ರಿಂದ 2013ರವರೆಗೆ, ಒಂದು ವರ್ಷವೂ ಬಿಡದೆ, ಫೇರೋ ದ್ವೀಪಗಳ ರಾಷ್ಟ್ರೀಯ ಕಪ್ ಫೈನಲ್ ಆಡಿದ್ದು ಈ ಎರಡು ಊರು ಸೇರಿ ಕಟ್ಟಿದ ತಂಡ.

ನಾರ್ವೆ ಮತ್ತು ಐಸ್‌ಲ್ಯಾಂಡಿನ ನಡುವೆ ಇರುವ ಫೇರೋದಲ್ಲಿ ಹದಿನೆಂಟು ದ್ವೀಪಗಳು, ಸುಮಾರು 54,000 ಜನ. ಕುರಿಗಳು ಅದಕ್ಕಿಂತ ಹೆಚ್ಚು. ಡೆನ್ಮಾರ್ಕಿನ ರಾಜಸತ್ತೆಗೆ ಸೇರಿದ್ದರೂ ಸಂಸತ್ತು, ಭಾಷೆ, ಫುಟ್‌ಬಾಲ್ ತಂಡ ಎಲ್ಲವೂ ತಮ್ಮವೇ. ದುಡಿಮೆ ಮೀನಿನದು. ರಫ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಮೀನೇ. ದೇಶದ ಲೀಗ್ 1942ರಲ್ಲಿ ಶುರುವಾಯಿತು, ಕಪ್ 1955ರಲ್ಲಿ. ಪ್ರಧಾನಿಯ ಪದವಿಯ ಹೆಸರನ್ನೇ ಹೊತ್ತ ಈ ಕಪ್ ಬಹುಕಾಲ ರಾಜಧಾನಿ ಟೋರ್ಸ್‌ಹಾವ್ನ್‌ನ ತಂಡಗಳ ಕೈಯಲ್ಲಿತ್ತು. ಅತಿ ಹೆಚ್ಚು ಸಲ ಗೆದ್ದದ್ದು ಅಲ್ಲಿನ ಎಚ್‌ಬಿ.

ಹಳ್ಳಿಗಳು ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಹೇಗೆ? ಉತ್ತರ ಸರಳ, ಆದರೆ ಒಪ್ಪಿಕೊಳ್ಳುವುದು ಸುಲಭವಾಗಿರಲಿಕ್ಕಿಲ್ಲ. ಅವು ತಮ್ಮ ತಮ್ಮ ಕ್ಲಬ್‌ಗಳನ್ನು ಬಿಟ್ಟುಕೊಟ್ಟವು.

ಐಯಿ ಊರಿನ ಇಬಿ 1913ರಲ್ಲಿ ಹುಟ್ಟಿದ ಕ್ಲಬ್. ಎದುರು ದಡದ ಸ್ಟ್ರೈಮುರ್ 1976ರದು. ಅಂದರೆ ಸೇತುವೆಗಿಂತ ಮೂರೇ ವರ್ಷ ಚಿಕ್ಕದು. ಹನ್ನೊಂದು ಜನರನ್ನು, ಮೇಲೆ ಬದಲಿ ಆಟಗಾರರನ್ನು, ಅದರ ಮೇಲೆ ಕಿರಿಯರ ತಂಡಗಳನ್ನು ಒಂದೊಂದು ಊರೂ ತಾನೇ ಹೊಂದಿಸುವುದು ಎಂದರೆ ಊರಿನ ಗಂಡುಮಕ್ಕಳೆಲ್ಲ ಮೈದಾನದಲ್ಲೇ ಇರಬೇಕು. 1993ರಲ್ಲಿ ಎರಡೂ ಒಂದಾಗಿ ಇಬಿ/ಸ್ಟ್ರೈಮುರ್ ಆಯಿತು. ಹೆಸರಿನ ನಡುವಿನ ಆ ಗೆರೆಯನ್ನು ಇಂದಿಗೂ ಅಳಿಸಿಲ್ಲ. ಎರಡು ಊರುಗಳು ತಮ್ಮ ಮಾನವನ್ನು ಸರಿಸಮವಾಗಿ ಹಂಚಿಕೊಂಡ ಒಪ್ಪಂದ ಅದರಲ್ಲಿ ಕಾಣುತ್ತದೆ. ತಂಡದ ಮೈದಾನ ಸ್ಟ್ರೈಮ್ನೆಸ್ ಕಡೆಯ ಮಾರ್ಗಾಯಿರ್. ಐಯಿಯ ಹಳೆಯ ಮೈದಾನ ಕೆರೆಗೂ ಕಡಲಿಗೂ ನಡುವಿನ ಪಟ್ಟಿಯಲ್ಲಿತ್ತು. ಈಗ ಪ್ರವಾಸಿಗರು ಅಲ್ಲಿ ಡೇರೆ ಹಾಕುತ್ತಾರೆ.

ಇತ್ತ ಐಸ್ತುರೊಯ್‌ನ ಪೂರ್ವ ಮಗ್ಗುಲಲ್ಲಿ ಇಂಥದ್ದೇ ಇನ್ನೊಂದು ಕತೆ. ಗೋಟಾ ಹಳೆಯ ಹೆಸರುವಾಸಿ ಊರು. ಫೇರೋ ಜನರ ಕುರಿತ ಪ್ರಾಚೀನ ಕಥನವಾದ ಸಾಗಾದಲ್ಲಿ ಬರುವ ಥ್ರೋಂಡುರ್ ಎಂಬ ಹಟಮಾರಿ ಮುಖಂಡ ಇಲ್ಲಿಯವನೇ. ಇಲ್ಲಿನ ಜಿಐ ಕ್ಲಬ್ 1993ರಿಂದ 1996ರವರೆಗೆ ಸತತ ನಾಲ್ಕು ವರ್ಷ ಲೀಗ್ ಗೆದ್ದಿತ್ತು. ಗುಡ್ಡದ ಆಚೆ ಮೀನುಗಾರರ ಊರು ಲೈರ್ವೀಕ್. ನಡುವೆ ಗುಡ್ಡ ಕೊರೆದ ಸುರಂಗವಿದೆ. 2008ರಲ್ಲಿ ಈ ಎರಡು ಊರಿನ ಕ್ಲಬ್‌ಗಳೂ ಒಂದಾದವು, ವೀಕಿಂಗುರ್ ಎಂಬ ಹೊಸ ಹೆಸರಿಟ್ಟುಕೊಂಡವು. ಇಲ್ಲಿ ನಡುವೆ ಗೆರೆಯಿಲ್ಲ. ಎರಡೂ ಊರಿನ ಹೆಸರು ಹೋಗಿ ಮೂರನೆಯದೊಂದು ಬಂತು. ಅಷ್ಟು ಪ್ರಶಸ್ತಿ ಗೆದ್ದ ಜಿಐ ಹೆಸರನ್ನೇ ಕೈಬಿಡಲು ಗೋಟಾದವರು ಒಪ್ಪಿದ್ದು ದೊಡ್ಡತನ ಎನ್ನಲೇಬೇಕು.

ಗೋಟಾದ ಫುಟ್‌ಬಾಲ್ ಎಂದರೆ ಯೆನ್ಸ್ ಮಾರ್ಟಿನ್ ಕ್ನುಡ್ಸೆನ್ ಹೆಸರು ಬಾರದೆ ಇರದು. 1990ರ ಸೆಪ್ಟೆಂಬರ್ 12ರಂದು ಫೇರೋ ತನ್ನ ಮೊಟ್ಟಮೊದಲ ಅಧಿಕೃತ ಸ್ಪರ್ಧಾ ಪಂದ್ಯ ಆಡಿತು. ಎದುರಾಳಿ ಆಸ್ಟ್ರಿಯಾ, ಅದೇ ಬೇಸಿಗೆಯಲ್ಲಿ ಇಟಲಿಯ ವಿಶ್ವಕಪ್ ಆಡಿ ಬಂದಿದ್ದ ತಂಡ. ಫೇರೋದಲ್ಲಿ ಆಗ ಹುಲ್ಲಿನ ಮೈದಾನವೇ ಇರಲಿಲ್ಲ. ಹಾಗಾಗಿ 'ತವರಿನ' ಪಂದ್ಯ ನಡೆದದ್ದು ಸ್ವೀಡನ್‌ನ ಲಾಂಡ್ಸ್‌ಕ್ರೋನಾದಲ್ಲಿ. ತಲೆಗೆ ಬಿಳಿ ಉಣ್ಣೆ ಟೋಪಿ ಹಾಕಿ ಗೋಲಿನಲ್ಲಿ ನಿಂತಿದ್ದ ಕ್ನುಡ್ಸೆನ್ ಜಿಐ ಆಟಗಾರ, ಮೀನಿನ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವರು. ಟೋರ್ಕಿಲ್ ನೀಲ್ಸೆನ್ ಹೊಡೆದ ಒಂದೇ ಗೋಲಿನಿಂದ ಫೇರೋ ಗೆದ್ದಿತು. ಆಸ್ಟ್ರಿಯಾದ ಕೋಚ್ ಹುದ್ದೆ ಬಿಟ್ಟರು. ಊರೂರಿನಲ್ಲಿ ಒಳ್ಳೆಯ ಮೈದಾನ ಬೇಕೆಂಬ ಹಂಬಲಕ್ಕೆ ಬಲ ಬಂದದ್ದೂ ಆ ಕಾಲದಲ್ಲೇ. ಇಂದು ಅಲ್ಲಿ ಬಹುತೇಕ ಎಲ್ಲ ಮೈದಾನಗಳಿಗೂ ಕೃತಕ ಹುಲ್ಲು. ಗಾಳಿ, ಮಳೆ, ಮಂಜು ಮೂರೂ ಒಂದೇ ದಿನ ಬರುವ ನಾಡಿನಲ್ಲಿ ಸಣ್ಣ ಊರಿನ ಮಕ್ಕಳು ವರ್ಷವಿಡೀ ಅಭ್ಯಾಸ ಮಾಡಲು ಇದಕ್ಕಿಂತ ದೊಡ್ಡ ನೆರವು ಇನ್ನೊಂದಿಲ್ಲ.

ಇನ್ನು ಆ ಫೈನಲ್‌ಗಳು.

ಇಬಿ/ಸ್ಟ್ರೈಮುರ್ 2007ರಲ್ಲಿ ಎಚ್‌ಬಿಯನ್ನೂ 2008ರಲ್ಲಿ ಬಿ36 ಅನ್ನೂ ಮಣಿಸಿ ಕಪ್ ಎತ್ತಿತು. ಎರಡೂ ರಾಜಧಾನಿಯ ದೈತ್ಯರು. 2008ರಲ್ಲಿ ಲೀಗ್ ಕೂಡ ಅದರದ್ದೇ. ಅದೇ ಜುಲೈನಲ್ಲಿ ಯುಯೆಫಾ ಕಪ್ ಅರ್ಹತಾ ಸುತ್ತಿನಲ್ಲಿ ಟೋರ್ಸ್‌ಹಾವ್ನ್‌ಗೆ ಬಂದ ಎದುರಾಳಿ ಯಾರು ಗೊತ್ತೆ? ಮ್ಯಾಂಚೆಸ್ಟರ್ ಸಿಟಿ. ಅಬುಧಾಬಿಯ ಹಣ ಆ ಕ್ಲಬ್‌ಗೆ ಹರಿಯಲು ಇನ್ನು ಕೆಲವೇ ವಾರಗಳಿದ್ದವು. ಎರಡೂ ಪಂದ್ಯಗಳನ್ನು ಸಿಟಿ ಗೆದ್ದಿತು, ಎರಡರಲ್ಲೂ 2-0. ಎರಡು ಹಳ್ಳಿಗಳ ತಂಡಕ್ಕೆ ಆ ಅಂಕಿಯಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

2009ರಲ್ಲಿ ಫೈನಲ್‌ಗೆ ಎದುರಾಗಿ ಬಂದದ್ದು ವೀಕಿಂಗುರ್. ಹುಟ್ಟಿ ಎರಡು ವರ್ಷವೂ ತುಂಬದ ಕ್ಲಬ್. ರಾಜಧಾನಿಯ ಟೋರ್ಸ್‌ವೊಲ್ಲುರ್ ಕ್ರೀಡಾಂಗಣ ಇರುವ ಗುಂಡಾದಾಲುರ್ ಕಣಿವೆಗೆ ಆ ದಿನ ರಾಜಧಾನಿಯ ತಂಡಗಳು ಅತಿಥಿಗಳಾದವು, ನಾಲ್ಕು ಹಳ್ಳಿಗಳು ಮನೆಯವರಾದವು. 3-2ರಿಂದ ವೀಕಿಂಗುರ್ ಗೆದ್ದಿತು. ಮುಂದಿನ ಎರಡು ವರ್ಷ ಇಬಿ/ಸ್ಟ್ರೈಮುರ್ ಮತ್ತೆ ಕಪ್ ಪಡೆಯಿತು. ಆ ಎರಡೂ ಫೈನಲ್‌ಗಳಲ್ಲಿ ಸೋತದ್ದು ಐಸ್ತುರೊಯ್‌ನದೇ ಇನ್ನೊಂದು ಬಂದರು ಊರು ಫುಗ್ಲಾಫ್ಯೋರ್ಡುರ್‌ನ ತಂಡ. 2012ರಲ್ಲಿ ಹಳೆಯ ಎದುರಾಳಿಗಳು ಪುನಃ ಮುಖಾಮುಖಿಯಾದರು. ಪಂದ್ಯ ಪೆನಾಲ್ಟಿವರೆಗೂ ಎಳೆಯಿತು, ವೀಕಿಂಗುರ್ ಗೆದ್ದಿತು. 2013ರಲ್ಲಿ ಮೂರನೆಯ ಸಲ. ಈ ಬಾರಿ 2-0, ಮತ್ತೆ ವೀಕಿಂಗುರ್. ಏಳು ಸತತ ಫೈನಲ್ ಆಡಿ ನಾಲ್ಕು ಗೆದ್ದ ತಂಡಕ್ಕೆ ಉಳಿದ ಮೂರನ್ನೂ ಕಸಿದದ್ದು ಒಂದೇ ಎದುರಾಳಿ, ಅದೂ ಅರ್ಧ ದ್ವೀಪದಷ್ಟು ದೂರದ್ದು. ಇಂಥ ಪೈಪೋಟಿಯಲ್ಲಿ ಎದುರು ತಂಡದ ಬೆಂಬಲಿಗ ಎಂದರೆ ಪರಕೀಯನಲ್ಲ. ಅದೇ ದೋಣಿಯಲ್ಲಿ, ಅದೇ ಕಾರ್ಖಾನೆಯಲ್ಲಿ ಸೋಮವಾರ ಪಕ್ಕದಲ್ಲೇ ನಿಂತು ದುಡಿಯುವ ಸಂಭವ ಇರುವವನು.

ವೀಕಿಂಗುರ್ 2014, 2015ರಲ್ಲೂ ಕಪ್ ಗೆದ್ದು ಸತತ ನಾಲ್ಕು ಪೂರೈಸಿತು. 2014ರ ಯುರೋಪಾ ಲೀಗ್ ಅರ್ಹತಾ ಸುತ್ತಿನಲ್ಲಿ ನಾರ್ವೆಯ ಟ್ರೋಮ್ಸೋ ತಂಡವನ್ನೇ ಹೊರಹಾಕಿತು. 2016, 2017ರಲ್ಲಿ ಲೀಗ್ ಕೂಡ ಗೆದ್ದಿತು.

ಈ ಕಡೆ ಪ್ರವಾಸ ಹೋಗುವವರಿಗೆ ಒಂದಿಷ್ಟು ವಿವರ. ಫೇರೋದ ಏಕೈಕ ವಿಮಾನ ನಿಲ್ದಾಣ ವಾಗರ್ ದ್ವೀಪದಲ್ಲಿದೆ, ಕೋಪನ್‌ಹೇಗನ್‌ನಿಂದ ನೇರ ವಿಮಾನವಿದೆ. ಭಾರತೀಯರು ಡೆನ್ಮಾರ್ಕಿನ ವೀಸಾ ಪಡೆಯುವಾಗ ಅದು ಫೇರೋಗೂ ಅನ್ವಯಿಸುತ್ತದೆ ಎಂದು ನಮೂದಾಗಿರಬೇಕು, ಬರೀ ಷೆಂಗೆನ್ ವೀಸಾ ಸಾಲದು. ವಾಗರ್‌ನಿಂದ 2002ರಲ್ಲಿ ತೆರೆದ ಕಡಲಡಿಯ ಸುರಂಗ ದಾಟಿದರೆ ಸ್ಟ್ರೈಮೊಯ್. ಸುಂಡಿನಿಯ ದಡ ಹಿಡಿದು ಹೋದರೆ ಸ್ಟ್ರೈಮ್ನೆಸ್, ಸೇತುವೆ ದಾಟಿ ಉತ್ತರಕ್ಕೆ ತಿರುಗಿದರೆ ಐಯಿ. ದೇಶದ ಅತಿ ಎತ್ತರದ ಶಿಖರ, 880 ಮೀಟರಿನ ಸ್ಲೆಟ್ಟಾರಾಟಿಂಡುರ್ ಇಲ್ಲಿಗೆ ಹತ್ತಿರ. ರಾಜಧಾನಿಯಿಂದ ಐಸ್ತುರೊಯ್‌ಗೆ ಹೋಗಲು 2020ರಲ್ಲಿ ತೆರೆದ ಇನ್ನೊಂದು ಕಡಲಡಿಯ ಸುರಂಗವೂ ಇದೆ, ಅದರೊಳಗೆ ಸಮುದ್ರದ ತಳದಲ್ಲೇ ವಾಹನಗಳು ಸುತ್ತಿ ತಿರುಗುವ ವೃತ್ತವಿದೆ. ಜುಲೈನಲ್ಲಿ ಹೋದರೆ ಗೋಟಾದ ಕಡಲ ತಡಿಯಲ್ಲಿ 2002ರಿಂದ ನಡೆಯುತ್ತಿರುವ ಜಿ! ಸಂಗೀತೋತ್ಸವ ಸಿಗಬಹುದು. ಲೀಗ್ ಪಂದ್ಯಗಳು ವಸಂತದಿಂದ ಶರತ್ಕಾಲದವರೆಗೆ ನಡೆಯುತ್ತವೆ. ಬೇಸಿಗೆಯಲ್ಲೂ ಗಾಳಿ ತಡೆಯುವ ಜಾಕೆಟ್ ಇಲ್ಲದೆ ಮೈದಾನದ ಪಕ್ಕ ತೊಂಬತ್ತು ನಿಮಿಷ ನಿಲ್ಲುವುದು ಕಷ್ಟ.