ರೇಡಿಯೋ ಗೊರಗುಟ್ಟಿದರೆ ಚಾರ್ಜರ್ ನೋಡಿ!

"ಏನ್ ಸ್ವಾಮಿ, ಪ್ರದೇಶ ಸಮಾಚಾರ ಕೇಳೋಣ ಅಂದ್ರೆ ಬರೀ ಗೊರಗೊರ! ರೇಡಿಯೋ ಕೆಟ್ಟೋಯ್ತಾ?" ಅಂಗಡಿ ಮುಂದೆ ಬಸ್ಸಿಗೆ ಕಾಯುವವರ ದೂರು. ಅಂಗಡಿಯವರು ರೇಡಿಯೋಗೆ ಎರಡು ತಟ್ಟುತ್ತಾರೆ. ಪಾಪ, ತಪ್ಪು ಅದರದ್ದಲ್ಲ. ಪಕ್ಕದ ಪ್ಲಗ್ಗಿನಲ್ಲಿರುವ ಅಗ್ಗದ ಮೊಬೈಲ್ ಚಾರ್ಜರಿನದ್ದು!

ಹಳೇ ಎಲಿಮಿನೇಟರ್ ಇಟ್ಟಿಗೆಯಷ್ಟು ಭಾರವಿತ್ತು, ಆದರೆ ಇಂಥ ತಂಟೆಯಿರಲಿಲ್ಲ. ಈಗಿನ ಚಾರ್ಜರ್ 230 ವೋಲ್ಟ್ ಎ.ಸಿ.ಯನ್ನು ಡಿ.ಸಿ. ಮಾಡಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ, ಮತ್ತೆ 5 ವೋಲ್ಟ್ ಡಿ.ಸಿ. ಕೊಡುತ್ತದೆ. ಅದಕ್ಕೇ ಅಷ್ಟು ಹಗುರ. ಆದರೆ ಕತ್ತರಿಸುವ ಗದ್ದಲ ವೈರಿಗುಂಟ ಹರಿದು ರೇಡಿಯೋಗೆ ನುಗ್ಗುತ್ತದೆ. ತಡೆಯಲು ಒಳಗೆ ಕಾಯಿಲ್, ಕೆಪಾಸಿಟರುಗಳ ಫಿಲ್ಟರ್ ಬೇಕು. ಕಾಸು ಉಳಿಸಲು ಕೆಲವರು ಕೈಬಿಡುವುದು ಅದನ್ನೇ!

ಇದಕ್ಕೊಂದು ಅಳತೆಯೂ ಇದೆ. 1934ರಲ್ಲಿ ಹುಟ್ಟಿದ 'ಸಿಸ್ಪರ್' ಎಂಬ ಅಂತರರಾಷ್ಟ್ರೀಯ ಸಮಿತಿ, ವೈರಿನಲ್ಲಿ ಹರಿಯುವ ಗದ್ದಲಕ್ಕೆ 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಮಿತಿ ಹಾಕಿದೆ. ಮೀಡಿಯಂ ವೇವ್ ಬರುವುದು ಇದರೊಳಗೇ.

ಲೇಬಲ್ಲಿನಲ್ಲಿ '2 ಆಂಪಿಯರ್' ಅಂತ ಬರೆದರೆ ಸಾಲದು. ಅಷ್ಟು ಕರೆಂಟ್ ಎಳೆದಾಗಲೂ ವೋಲ್ಟೇಜ್ ಕುಸಿಯಬಾರದು.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಮೊಬೈಲ್ ಚಾರ್ಜಿಗೆ ಹಾಕಿಸಿ, ಟ್ರಾನ್ಸಿಸ್ಟರ್ ಹಚ್ಚಿ. ಮಾರು ದೂರದಲ್ಲೂ ಗೊರಗೊರ ಎಂದರೆ, ದುಡ್ಡು ಜೇಬಿನಲ್ಲೇ ಇರಲಿ!