ಟೀಚರಿಗೊಂದು ಕಪಾಟು

52ರಲ್ಲಿ 27 ಕಳೆದರೆ 35. ಶಿರ್ತಾಡಿ ಸುತ್ತಿನ ಸರಕಾರಿ ಶಾಲೆಯಲ್ಲಿ ಮೂರನೇ ತರಗತಿಗೆ ಗಣಿತ ಹೇಳಿಕೊಡುವ ನನಗೆ ಈ ಉತ್ತರ ಪ್ರತಿ ವರ್ಷ ತಪ್ಪದೆ ಸಿಗುತ್ತದೆ. ಹೀಗೆ ಬರೆದವರ ಪೈಕಿ ಒಬ್ಬಳನ್ನು ಹತ್ತಿರ ಕೂರಿಸಿಕೊಂಡು ಹೇಗೆ ಮಾಡಿದೆ ಎಂದು ಕೇಳಿದೆ. "ಎರಡರಿಂದ ಏಳು ಹೋಗುದಿಲ್ಲ ಟೀಚರ್, ಅದಕ್ಕೆ ಏಳರಿಂದ ಎರಡು ತೆಗ್ದದ್ದು" ಎಂದಳು. 91ರಲ್ಲಿ 34 ಕಳೆಯಲು ಕೊಟ್ಟೆ. ಅದೇ ದಾರಿ ಹಿಡಿದು 63 ಎಂದು ಬರೆದಳು. ಅವಳ ಲೆಕ್ಕದಲ್ಲಿ ಅಜಾಗರೂಕತೆ ಎಂಬುದು ಎಳ್ಳಷ್ಟೂ ಇಲ್ಲ. ದೊಡ್ಡ ಅಂಕೆಯಿಂದ ಸಣ್ಣದನ್ನು ಕಳೆಯಬೇಕು ಎಂಬ ನಿಯಮವೊಂದನ್ನು ತಾನೇ ಮಾಡಿಕೊಂಡು, ಅದಕ್ಕೆ ನಿಷ್ಠೆಯಿಂದ ನಡೆದುಕೊಳ್ಳುತ್ತಿದ್ದಾಳೆ.

ಈ ಸಂಗತಿಯನ್ನು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬಿಬ್ಬರು 1978ರಲ್ಲೇ ಪ್ರಬಂಧವಾಗಿ ಪ್ರಕಟಿಸಿದ್ದರು. ಮಕ್ಕಳ ತಪ್ಪು ಉತ್ತರಗಳ ಹಿಂದೆ ಬಹುಪಾಲು ಒಂದು ಕ್ರಮ ಇರುತ್ತದೆ, ಆ ಕ್ರಮ ಯಾವುದೆಂದು ಗುರುತಿಸಿದರೆ ತಿದ್ದುವ ದಾರಿಯೂ ಕಾಣುತ್ತದೆ ಎಂಬುದು ಅವರ ವಾದ. ಶಿಕ್ಷಕರಾಗಲು ಕಲಿಯುತ್ತಿರುವವರಿಗೆ ತಪ್ಪಿನ ಮೂಲ ಹುಡುಕುವ ಅಭ್ಯಾಸವಾಗಲೆಂದು ಅವರು 'ಬಗ್ಗಿ' ಎಂಬ ಕಂಪ್ಯೂಟರ್ ಆಟವನ್ನೂ ಮಾಡಿದ್ದರು. ಇಷ್ಟು ತಿಳಿದ ಮೇಲೆ ನನ್ನ ಕೆಲಸ ಹಗುರವಾಯಿತು. ಹಿಡಿಸೂಡಿ ಕಡ್ಡಿಗಳನ್ನು ಹತ್ತತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಕೊಟ್ಟು, ಇಪ್ಪತ್ತೇಳು ತೆಗೆದು ಕೊಡು ಎಂದೆ. ಎರಡು ಕಟ್ಟು ಎತ್ತಿ ಕೊಟ್ಟಳು. ಏಳು ಬಿಡಿ ಕಡ್ಡಿ ಬೇಕಾದಾಗ ಕೈ ತಡೆಯಿತು. ಸ್ವಲ್ಪ ಹೊತ್ತು ನೋಡಿ, ಯಾರೂ ಹೇಳದೆಯೇ ಮೂರನೆಯ ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದಳು. ಮನೆಯಲ್ಲಿ ಅಮ್ಮ ಬೀಡಿ ಕಟ್ಟುವವರು. ಕಟ್ಟು, ಬಿಡಿ ಎಂಬ ಲೆಕ್ಕ ಅವಳಿಗೆ ಹೊಸತಲ್ಲ. ಅದನ್ನು ಸ್ಲೇಟಿನ ಮೇಲಿನ ಅಂಕೆಗೆ ಜೋಡಿಸಿಕೊಡುವುದಷ್ಟೇ ಬಾಕಿ ಇತ್ತು.

ಹೊರದೇಶದ ಒಂದು ಸಂಶೋಧನೆ ಶಿರ್ತಾಡಿಯ ಟೀಚರೊಬ್ಬಳ ಕೈಗೆ ಬರಲು ಇಷ್ಟು ವರ್ಷ ಯಾಕೆ ಬೇಕಾಯಿತು ಎಂಬುದು ನನ್ನನ್ನು ಬಿಡದೆ ಕಾಡುವ ಪ್ರಶ್ನೆ. ವೈದ್ಯರಿಗೆ, ವಕೀಲರಿಗೆ ಅವರವರ ವೃತ್ತಿಯ ಗ್ರಂಥಾಲಯ ಇರುವುದು ಸಹಜವೆಂದು ಎಲ್ಲರೂ ಒಪ್ಪುತ್ತಾರೆ. ಶಾಲೆಯ ಗ್ರಂಥಾಲಯ ಎಂದರೆ ಮಾತ್ರ ಮಕ್ಕಳ ಕಥೆ ಪುಸ್ತಕವೇ ಎಲ್ಲರ ನೆನಪಿಗೆ ಬರುವುದು. ಮಕ್ಕಳಿಗೆ ಅದು ಬೇಕೇ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದು ಹೇಳಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿ 5,000 ರೂಪಾಯಿಯಿಂದ 20,000 ರೂಪಾಯಿಯವರೆಗೆ ಗ್ರಂಥಾಲಯ ಅನುದಾನವನ್ನೂ ಇಡಲಾಯಿತು. ಆದರೆ ಕಲಿಸುವವರು ಓದಬೇಕಾದ ಪುಸ್ತಕ? ಸ್ಟಾಫ್ ರೂಮಿನ ಕಬ್ಬಿಣದ ಕಪಾಟು ತೆರೆದರೆ ಹಳೆಯ ತರಬೇತಿ ಕೈಪಿಡಿಗಳು, ಬೆನ್ನು ಬಿಟ್ಟ ಒಂದು ನಿಘಂಟು, ಹಿಂದಿನ ಪಠ್ಯಪುಸ್ತಕಗಳು. ಎಷ್ಟೋ ಕಡೆ ಆ ಕಪಾಟಿಗೂ ಬೀಗ. ದಾಸ್ತಾನು ಪುಸ್ತಕದಲ್ಲಿ ಇರುವ ಪ್ರತಿ ಕಳೆದುಹೋದರೆ ಮುಖ್ಯ ಶಿಕ್ಷಕರ ತಲೆಗೆ ಬರುತ್ತದೆ, ಹಾಗಾಗಿ ಯಾರೂ ಮುಟ್ಟದಿರುವುದೇ ಕ್ಷೇಮ ಎಂಬಂತಾಗಿದೆ.

ಭಾರತದ ಗ್ರಂಥಾಲಯಗಳ ಬೀಗ ತೆಗೆಸಿದ ಎಸ್. ಆರ್. ರಂಗನಾಥನ್ ಅವರು ನಮ್ಮ ಜಿಲ್ಲೆಯಲ್ಲೇ ಮೇಷ್ಟರಾಗಿದ್ದವರು. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ, ಅಂದರೆ ಇಂದು ಹಂಪನಕಟ್ಟೆಯಲ್ಲಿರುವ ವಿಶ್ವವಿದ್ಯಾನಿಲಯ ಕಾಲೇಜಿಗೆ, ಗಣಿತ ಕಲಿಸಲು ಬಂದರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚ ಸೂತ್ರಗಳ ಪುಸ್ತಕ ಬಂತು. ಪುಸ್ತಕ ಇರುವುದು ಬಳಕೆಗೆ ಎಂಬುದು ಅದರ ಮೊದಲ ಸೂತ್ರದ ತಿರುಳು. ನನಗೆ ಹೆಚ್ಚು ಆಪ್ತವಾದದ್ದು ಓದುಗನ ಸಮಯ ಉಳಿಸಬೇಕೆಂಬ ನಾಲ್ಕನೆಯದು. ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ವಿವರದ ಎಸ್‌ಎಟಿಎಸ್ ನಮೂದು, ಗಣತಿ ಕೆಲಸ ಎಲ್ಲ ಮುಗಿದ ಮೇಲೆ ಟೀಚರಿಗೆ ಉಳಿಯುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ನಾಳೆಯ ಪಾಠಕ್ಕೆ ಬೇಕಾದ ಎರಡು ಪುಟ ಸಿಗದಿದ್ದರೆ, ಸಾವಿರ ಪುಸ್ತಕ ಇದ್ದೂ ಪ್ರಯೋಜನವಿಲ್ಲ.

ಆದ್ದರಿಂದ ಶಿಕ್ಷಕರ ಗ್ರಂಥಾಲಯವನ್ನು ಲೇಖಕರ ಹೆಸರಿನ ಪ್ರಕಾರ ಜೋಡಿಸುವುದಕ್ಕಿಂತ ತರಗತಿಯ ಪ್ರಶ್ನೆಗಳ ಪ್ರಕಾರ ಜೋಡಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಓದಲು ತಡವರಿಸುವ ಮಗು ಒಂದು ಕಡೆ, ಕಳೆಯುವ ಲೆಕ್ಕ ಮತ್ತು ಭಿನ್ನರಾಶಿ ಒಂದು ಕಡೆ, ಊರಿನ ಇತಿಹಾಸ ಇನ್ನೊಂದು ಕಡೆ. ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ', ಜಪಾನಿನ 'ತೊತ್ತೋ ಚಾನ್' ಕನ್ನಡದಲ್ಲೇ ಸಿಗುತ್ತವೆ. ಇವು ಎಲ್ಲ ಶಿಕ್ಷಕರ ಕೈಗೆ ಎಟಕುವಲ್ಲಿ ಇರಬೇಕು. ಶಿವರಾಮ ಕಾರಂತರ ಮೂರು ಸಂಪುಟಗಳ 'ಬಾಲಪ್ರಪಂಚ' 1936ರಲ್ಲಿ ಬಂದದ್ದು. ಅದರ ವಿಜ್ಞಾನ ಈಗ ಹಳತಾಗಿದೆ, ನಿಜ. ಆದರೂ ಕಷ್ಟದ ವಿಷಯವನ್ನು ಮಗುವಿಗೆ ಕನ್ನಡದಲ್ಲಿ ಹೇಳುವುದು ಹೇಗೆಂದು ಕಲಿಯಲು ನಾನು ಈಗಲೂ ಅದನ್ನು ತೆರೆಯುತ್ತೇನೆ.

ನಮ್ಮ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಶಿಕ್ಷಕರು ಸಂಪನ್ಮೂಲ ಇಲ್ಲವೆಂದು ಕೂರುವ ಅಗತ್ಯವೇ ಇಲ್ಲ. ಶಿರ್ತಾಡಿಯಿಂದ ಬಸ್ಸು ಹತ್ತಿದರೆ ಮೂಡುಬಿದಿರೆ. ಅಲ್ಲಿನ ರಮಾರಾಣಿ ಜೈನ ಶೋಧ ಸಂಸ್ಥಾನದಲ್ಲಿ ತಾಡವೋಲೆ ಗ್ರಂಥಗಳ ಭಂಡಾರವೇ ಇದೆ. ಆ ಊರು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾ ಎಂಬ ಜೈನ ಗ್ರಂಥಗಳ ಓಲೆಪ್ರತಿಗಳಿಂದಲೇ ಇಪ್ಪತ್ತನೆಯ ಶತಮಾನದಲ್ಲಿ ಅವುಗಳ ಮುದ್ರಿತ ಆವೃತ್ತಿ ಸಾಧ್ಯವಾಯಿತು. ಸಮಾಜ ಪಾಠದಲ್ಲಿ ಹಸ್ತಪ್ರತಿ ಎಂಬ ಪದ ಬಂದಾಗ ಚಿತ್ರ ತೋರಿಸಿ ಮುಂದೆ ಹೋಗುವ ಬದಲು, ನೈಜ ಓಲೆಗರಿ ಇಷ್ಟು ಹತ್ತಿರದಲ್ಲಿದೆ ಎಂದು ಮಕ್ಕಳಿಗೆ ಹೇಳಬಹುದು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗೆ ಪಾದೂರು ಗುರುರಾಜ ಭಟ್ಟರು 1975ರಲ್ಲಿ ಪ್ರಕಟಿಸಿದ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಬೃಹತ್ ಗ್ರಂಥದಿಂದ ಓದಲು ಶುರುಮಾಡಬಹುದು. ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ವಸ್ತು ಸಂಗ್ರಹಾಲಯದ ಜತೆ ಗ್ರಂಥಾಲಯವೂ ಇದೆ. ಉಜಿರೆಯಲ್ಲಿ ಬಿ.ಎಡ್. ಕಾಲೇಜು, ಮಂಗಳೂರಿನಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇವೆ.

ಇನ್ನು ಭಾಷೆ. ಇಲ್ಲಿ ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಅನೇಕರ ಮನೆಮಾತು ತುಳು. ಕೊಂಕಣಿ, ಬ್ಯಾರಿ ಆಡುವವರೂ ಇದ್ದಾರೆ. ತುಳುವಿನ ಮಗು ಒಂದೇ ವಸ್ತುವಿಗೆ 'ಅವು' ಎನ್ನುತ್ತದೆ. ಕನ್ನಡದಲ್ಲಿ ಅದು ಬಹುವಚನ. ಇದನ್ನು ವ್ಯಾಕರಣ ಬಾರದ ಮಗು ಎಂದು ಗುರುತು ಹಾಕುವ ಮೊದಲು, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಹೊರತಂದ, ಯು. ಪಿ. ಉಪಾಧ್ಯಾಯರು ಸಂಪಾದಿಸಿದ ಆರು ಸಂಪುಟಗಳ ತುಳು ನಿಘಂಟನ್ನು ತಿರುವಿ ನೋಡಬೇಕು. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಶಿಕ್ಷಕರಿಗಂತೂ ಅದು ಅನಿವಾರ್ಯ ಎನ್ನುತ್ತೇನೆ. ಆರು ಸಂಪುಟಗಳನ್ನು ಪ್ರತಿ ಶಾಲೆ ಕೊಳ್ಳಲಾರದು. ಕ್ಲಸ್ಟರಿಗೊಂದು ಸೆಟ್ ಇದ್ದರೆ ಸಾಕು.

ಮೊಬೈಲಿನಲ್ಲಿ ಎಲ್ಲ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಬಹಳಷ್ಟು ಸಿಗುತ್ತದೆ, ಹುಡುಕಲು ಗೊತ್ತಿದ್ದರೆ. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ, ಪುಸ್ತಕಗಳಿಗೆ ಐಐಟಿ ಖರಗಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಪಾಠಕ್ಕೆ 2017ರಲ್ಲಿ ಶುರುವಾದ ದೀಕ್ಷಾ, ನಿಘಂಟುಗಳಿಗೆ ಮೈಸೂರಿನ ಭಾರತವಾಣಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 'ಲರ್ನಿಂಗ್ ಕರ್ವ್' ಪತ್ರಿಕೆಯ ಲೇಖನಗಳು ಕನ್ನಡದಲ್ಲೂ ಬರುತ್ತವೆ, ಕಾಸು ಕೊಡಬೇಕಾಗಿಲ್ಲ. ಹುಡುಕುವಾಗ ಒಂದು ವಿಷಯ ನೆನಪಿಡಿ: ಮೂಡುಬಿದಿರೆ, ಮೂಡಬಿದ್ರಿ, ಮೂಡಬಿದರೆ ಎಂದು ಒಂದೇ ಊರನ್ನು ಜನ ಹಲವು ಬಗೆಯಲ್ಲಿ ಬರೆದಿದ್ದಾರೆ. ಒಂದು ರೂಪದಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ನೆಟ್‌ವರ್ಕ್ ಸಿಗುವ ಜಾಗದಲ್ಲಿ ಇಳಿಸಿಕೊಂಡು, ಬೇಕಾದ ಪುಟಗಳನ್ನು ಮುದ್ರಿಸಿ ಫೈಲು ಮಾಡಿ ಕಪಾಟಿನಲ್ಲಿಟ್ಟರೆ ಅದೂ ಗ್ರಂಥಾಲಯವೇ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದು ಮರುದಿನದ ಹೊತ್ತಿಗೆ ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತದೆ.

ಆದರೆ ಇಷ್ಟೆಲ್ಲ ತಂದಿಟ್ಟರೂ ಆ ಕಪಾಟಿನಲ್ಲಿ ಒಂದು ಮುಖ್ಯ ಸಾಲು ಖಾಲಿಯೇ ಇರುತ್ತದೆ. ಅದು ನಾವು ಬರೆಯಬೇಕಾದ್ದು.

ಬಿ.ಎಡ್. ಓದಿದವರೆಲ್ಲ ಕ್ರಿಯಾ ಸಂಶೋಧನೆಯ ವರದಿ ಬರೆದಿರುತ್ತಾರೆ. ಕರ್ಟ್ ಲೆವಿನ್ 1940ರ ದಶಕದಲ್ಲಿ ಮುಂದಿಟ್ಟ ಈ ವಿಧಾನವನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಕೋರಿ 1953ರ ತಮ್ಮ ಪುಸ್ತಕದ ಮೂಲಕ ಶಾಲೆಗೆ ತಂದರು. ತಮ್ಮ ತರಗತಿಯ ಸಮಸ್ಯೆಯೊಂದನ್ನು ಶಿಕ್ಷಕರೇ ಗುರುತಿಸಿ, ಯಾಕೆ ಹೀಗೆಂದು ಊಹಿಸಿ, ಪರಿಹಾರ ಮಾಡಿ ನೋಡಿ, ಮೊದಲಿಗೂ ಈಗಿಗೂ ಏನು ಬದಲಾಯಿತೆಂದು ಬರೆದಿಡುವುದೇ ಅದು. ಇದಕ್ಕೆ ದೊಡ್ಡ ಸಲಕರಣೆ ಬೇಡ. ಮಕ್ಕಳ ನೋಟ್‌ಬುಕ್ ಸಾಕು. ತಪ್ಪುಗಳನ್ನು ಎಣಿಸಿ ಅಂಕ ಕೊಡುವುದರ ಜತೆಗೆ, ಯಾವ ಬಗೆಯ ತಪ್ಪು ಎಂದು ಪ್ರತ್ಯೇಕ ಪುಟದಲ್ಲಿ ಬರೆದುಕೊಳ್ಳಬೇಕು. ಮಗು ಹೇಳಿದ ಕಾರಣವನ್ನು ಅದರ ಮಾತಿನಲ್ಲೇ ಬರೆದುಕೊಳ್ಳಬೇಕು. ಪರಿಹಾರ ಫಲಿಸದಿದ್ದರೆ ಅದನ್ನೂ ಬರೆಯಬೇಕು. ಪಕ್ಕದ ಶಾಲೆಯವರು ಅದೇ ದಾರಿಯಲ್ಲಿ ಹೋಗಿ ಸಮಯ ಕಳೆಯದಿರಲು ಇದು ಬಹಳ ಮುಖ್ಯ. ಈಗ ಇಂಥ ವರದಿಗಳು ಅಂಕಕ್ಕಾಗಿ ಬೈಂಡ್ ಆಗಿ, ಮೌಲ್ಯಮಾಪನ ಮುಗಿದ ಮೇಲೆ ಗೆದ್ದಲಿನ ಪಾಲಾಗುತ್ತವೆ.

ಶಿಕ್ಷಕರು ಮಾಡಿದ್ದು ಊರು ದಾಟುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಲಿಕಲಿಯನ್ನು ತೋರಿಸುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಬಹುವರ್ಗ ಶಾಲೆಗಳನ್ನು ನೋಡಿ ಬಂದು, ತಮ್ಮ ಕಾಡಂಚಿನ ಮಕ್ಕಳಿಗೆ ಹೊಂದುವಂತೆ ಕಲಿಕಾ ಕಾರ್ಡುಗಳನ್ನು ತಾವೇ ಮಾಡಿದರು. ಯುನಿಸೆಫ್ ಬೆಂಬಲ ಕೊಟ್ಟಿತು. ಮುಂದೆ ಅದು ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳ ಒಂದರಿಂದ ಮೂರನೇ ತರಗತಿಯ ಕ್ರಮವಾಯಿತು. ಅದಕ್ಕೂ ಬಹಳ ಹಿಂದೆ, 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಕೆಲಸ ಮಾಡುತ್ತಲೇ ಮಕ್ಕಳಿಗೆ ಬೇಕಾದ ಕಥೆ, ಪದ್ಯಗಳನ್ನು ಕನ್ನಡದಲ್ಲಿ ಬರೆದುಕೊಟ್ಟರು. ತರಗತಿಯ ಅಗತ್ಯ ಕಂಡವರೇ ಅದಕ್ಕೆ ಪುಸ್ತಕ ಬರೆದರು.

ಹೊಸ ಕಟ್ಟಡ ಬೇಕೆಂದು ನಾನು ಕೇಳುತ್ತಿಲ್ಲ. ಗ್ರಾಮ ಪಂಚಾಯತ್ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದು, ಈಗ ಅರಿವು ಕೇಂದ್ರಗಳಾಗಿವೆ. ಸಂಜೆ ಹೊತ್ತು ತೆರೆದಿರುವ ಅರಿವು ಕೇಂದ್ರದಲ್ಲಿ ಶಿಕ್ಷಕರಿಗೆಂದು ಎರಡು ಸಾಲು ಬಿಟ್ಟುಕೊಟ್ಟರೆ ಶಾಲೆಯ ಬೀಗದ ತೊಂದರೆಯೇ ಇರುವುದಿಲ್ಲ. ತಿಂಗಳ ಸಮಾಲೋಚನಾ ಸಭೆಯಲ್ಲಿ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಅವರು ಸುತ್ತೋಲೆ ಓದಿದ ಮೇಲೆ ಇಪ್ಪತ್ತು ನಿಮಿಷ ಇಟ್ಟು, ಒಬ್ಬರು ತಮ್ಮ ತರಗತಿಯ ಒಂದು ಟಿಪ್ಪಣಿ ಓದಲಿ, ಇನ್ನೊಬ್ಬರು ಒಂದು ಲೇಖನದ ಸಾರ ಹೇಳಲಿ. ಓದಿದ ಟಿಪ್ಪಣಿಯ ಪ್ರತಿ, ಶಾಲೆಯ ಹೆಸರು ಮತ್ತು ತಾರೀಕಿನೊಂದಿಗೆ, ಆ ಸಾಲಿಗೆ ಸೇರಲಿ.

ನಿವೃತ್ತ ಶಿಕ್ಷಕರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಪಾಠ ಟಿಪ್ಪಣಿಗಳು, ನೀವೇ ಮಾಡಿದ ನಕ್ಷೆ, ಪ್ರಶ್ನೆಪತ್ರಿಕೆ, ನಿಮ್ಮ ಕಾಲದ ಪಠ್ಯಪುಸ್ತಕ ಇದ್ದರೆ ಗುಜರಿಯವರಿಗೆ ಕೊಡಬೇಡಿ. ಮೂವತ್ತು ವರ್ಷ ಒಂದೇ ಪಾಠ ಮಾಡಿದವರು ಅಂಚಿನಲ್ಲಿ ಬರೆದುಕೊಂಡದ್ದು ನಮಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದು ಫೋನ್ ಮಾಡಿದರೆ ಹತ್ತಿರದ ಶಾಲೆಯವರು ಬಂದು ಒಯ್ಯುತ್ತಾರೆ. ಗೆದ್ದಲು ಹಿಡಿದದ್ದಾದರೂ ಪರವಾಗಿಲ್ಲ, ಉಳಿದ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳುತ್ತೇವೆ.