ಸೈನ್ ಹುಟ್ಟಿದ್ದು ಬಿಲ್ಲಿನ ಹೆದೆಯಿಂದ!

ಮೂಲಬಿಂದುವೇ ಕೇಂದ್ರವಾಗಿ ತ್ರಿಜ್ಯ 1 ಇರುವ ಏಕಮಾನ ವೃತ್ತದ ಮೇಲೆ, ಅಡ್ಡ ಅಕ್ಷದಿಂದ ಒಂದು ಕೋನದಷ್ಟು ತಿರುಗಿದಾಗ ಸಿಗುವ ಬಿಂದುವಿನ ಮೊದಲ ನಿರ್ದೇಶಾಂಕ ಆ ಕೋನದ ಕೊಸೈನ್, ಎರಡನೆಯದು ಸೈನ್. 30 ಡಿಗ್ರಿಗೆ ಬಿಂದುವಿನ ಎತ್ತರ ಸರಿಯಾಗಿ ಅರ್ಧ.

ಕ್ರಿ.ಶ. 499ರ ಸುಮಾರಿನ ‘ಆರ್ಯಭಟೀಯ’ದ ಕೋಷ್ಟಕದಲ್ಲೂ ಇದೇ ಲೆಕ್ಕವಿದೆ, ತ್ರಿಜ್ಯ ಮಾತ್ರ 3438. ಪರಿಧಿಯನ್ನು 21,600 ಕಲೆಗಳೆಂದು (ಒಂದು ಡಿಗ್ರಿಗೆ 60 ಕಲೆ) ಹಿಡಿದರೆ ತ್ರಿಜ್ಯಕ್ಕೆ ಬರುವ ಅಳತೆ ಅದು. ಆರ್ಯಭಟ ಕೊಟ್ಟದ್ದು 3 ಡಿಗ್ರಿ 45 ಕಲೆಗೊಂದರಂತೆ ಸೈನ್ ಬೆಲೆಗಳ ನಡುವಿನ 24 ವ್ಯತ್ಯಾಸಗಳನ್ನು, ಅದೂ ಒಂದೇ ಶ್ಲೋಕದಲ್ಲಿ! 225, 224, 222, 219, 215, 210, 205, 199: ಈ ಮೊದಲ ಎಂಟನ್ನು ಕೂಡಿದರೆ 30 ಡಿಗ್ರಿಯ ಬೆಲೆ 1719, ಅಂದರೆ 3438ರ ಅರ್ಧ.

ಈ ಸೈನ್ ಬೆಲೆಗೆ ಆಗಿನ ಹೆಸರು ‘ಜ್ಯಾ’, ಬಿಲ್ಲಿನ ಹೆದೆ. ಅರಬ್ಬರು ಅದನ್ನು ‘ಜೀಬಾ’ ಎಂದು ಬರೆದುಕೊಂಡರು. ಸ್ವರವಿಲ್ಲದ ಆ ಬರಹವನ್ನು ಮುಂದಿನವರು ‘ಜೈಬ್’, ಅಂದರೆ ಉಡುಪಿನ ಮಡಿಕೆ, ಎಂದು ಓದಿದರು. ಲ್ಯಾಟಿನ್ ಅನುವಾದದಲ್ಲಿ ಅದು ಅದೇ ಅರ್ಥದ ‘ಸೈನಸ್’ ಆಯಿತು; ಅದೇ ಇಂದಿನ ಸೈನ್.